ಬೆಳಗಾವಿಗೆ ಹೋದ ಅಕ್ಕೋರು

೧೪ ನವೆಂಬರ್ ೧೯೯೮, ಶನಿವಾರ

ಮಕ್ಕಳ ದಿನಾಚರಣೆ ಮುಗಿಯಿತು. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ಕೂರಿಸಿ, ಮಕ್ಕಳೆಂದರೆ ಹೂವುಗಳೆಂದು ಆರು ಜನ ದೊಡ್ಡವರು ನೆರಳಿನಲ್ಲಿ ನಿಂತು ಭಾಷಣ ಮಾಡಿದರು. ಹೂವುಗಳ ಪೈಕಿ ಇಬ್ಬರು ಚಡ್ಡಿ ಒದ್ದೆ ಮಾಡಿಕೊಂಡರು. ಒಬ್ಬಳು ಅಧ್ಯಕ್ಷರ ಹಾರದಿಂದ ಸೇವಂತಿಗೆ ಕಿತ್ತು ತಿಂದಳು. ಶಿಶುವಿಹಾರದ ಗೌರವ ಕಾರ್ಯದರ್ಶಿಯಾದ್ದರಿಂದ ವಂದನಾರ್ಪಣೆ ನನ್ನ ಪಾಲಿಗಿತ್ತು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆಂದು ಮುಂಬೈವರೆಗೆ ಹೋಗಿ ಬೆಳ್ಳಿಯ ಢಾಲನ್ನು ಬಹುಮಾನವಾಗಿ ಗೆದ್ದು ತಂದವನಿಗೆ, ಅನಂತರ ಜೀವಮಾನವಿಡೀ ತರ್ಕಶಾಸ್ತ್ರ ಕಲಿಸಿದವನಿಗೆ, ಸಪ್ತಾಪುರದ ಒಂದು ಬಾಲವಾಡಿಯ ವಂದನಾರ್ಪಣೆಯೇ ನಿವೃತ್ತಿಯ ಫಲವೆಂದು ಕಾಣುತ್ತದೆ.

ಸೋಮವಾರದಿಂದ ನಮ್ಮ ಹಾಲಿನಲ್ಲಿ ಅವಳಿ ನಗರದ ಬಾಲವಾಡಿ ಶಿಕ್ಷಕಿಯರಿಗೆ ಎರಡು ವಾರಗಳ ತರಬೇತಿ. ವಿಷಯ: ‘ಮಗುವಿನ ಮನಃಸ್ವಾಸ್ಥ್ಯ ಮತ್ತು ಕಲಿಕೆ’. ನಾಲ್ಕು ವರ್ಷದವರ ಮನಃಸ್ವಾಸ್ಥ್ಯ! ನಮ್ಮ ಕಾಲದಲ್ಲಿ ನಾಲ್ಕು ವರ್ಷದವರಿಗೆ ಮೂಗು ಮಾತ್ರ ಇರುತ್ತಿತ್ತು. ಅದನ್ನು ಒರೆಸಿದರೆ ಶಿಕ್ಷಣ ಪೂರ್ಣವಾಗುತ್ತಿತ್ತು. ಈ ತರಬೇತಿಯನ್ನು ಬೇಸಿಗೆಯಲ್ಲಿಯೇ ಗೊತ್ತುಪಡಿಸಿದವಳು ನಮ್ಮ ಹಿಂದಿನ ಶಿಕ್ಷಕಿ. ಆದ್ದರಿಂದ ಈಗ ರದ್ದುಪಡಿಸಲು ಬರುವುದಿಲ್ಲ.

ಹಿಂದಿನ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ನನ್ನ ಮಗಳು ಧನಶ್ರೀ. ಆಷಾಢದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಮಕ್ಕಳಿಗೆ ಏನು ಹೇಳಬೇಕೆಂದು ತಿಳಿಯದೆ ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾ ಕುಳಿತಾಗ ವಾಕ್ಯವನ್ನು ನಾನೇ ರಚಿಸಿಕೊಟ್ಟೆ: ‘ಅಕ್ಕೋರು ಬೆಳಗಾವಿ ಬಸ್ಸು ಹತ್ತಿ ಹೋಗಿದ್ದಾರೆ, ಬರುತ್ತಾರೆ.’ ಪಾಲಕರೂ ಮನೆಯಲ್ಲಿ ಅದನ್ನೇ ಹೇಳತಕ್ಕದ್ದೆಂದು ತಿಳಿಸಲಾಯಿತು. ಬೆಳಗಾವಿಯನ್ನು ಆರಿಸಿದ್ದು ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ಊರೆಂದು. ವಾಕ್ಯ ಚಿಕ್ಕದು, ಸ್ಪಷ್ಟವಾದದ್ದು, ಮರುಪ್ರಶ್ನೆಗೆ ಎಡೆಗೊಡದ್ದು. ಇಂದಿನವರೆಗೆ ಯಾರೂ ಅದರಲ್ಲಿ ದೋಷ ತೋರಿಸಿಲ್ಲ.

೧೬ ನವೆಂಬರ್, ಸೋಮವಾರ

ತರಬೇತಿ ಆರಂಭವಾಯಿತು. ನಡೆಸಿಕೊಡುವವರು ಹುಬ್ಬಳ್ಳಿಯ ಮಂದಾಕಿನಿ ಹೊಸೂರ: ಕೈಮಗ್ಗದ ಸೀರೆ, ಹೆಗಲಿಗೆ ದೊಡ್ಡ ಚೀಲ, ಚೀಲದೊಳಗೆ ಕತ್ತರಿ, ಗೋಂದು, ಬಣ್ಣದ ಕಾಗದ ಮತ್ತು ಮಾನವಕುಲದ ಭವಿಷ್ಯ. ದೀಪ ಹಚ್ಚಿದ ಮರುಕ್ಷಣವೇ ಇಪ್ಪತ್ತಕ್ಕೂ ಹೆಚ್ಚು ಗೃಹಸ್ಥೆಯರನ್ನು ಕಪ್ಪೆಗಳನ್ನಾಗಿ ಮಾಡಿ ಹಾಲಿನ ತುಂಬ ಜಿಗಿಸಿದರು. ನಾನು ಕುರ್ಚಿಯ ಮೇಲೆ ಕುಳಿತು ವೀಕ್ಷಿಸುತ್ತಿದ್ದೆ.

“ಸರ್, ಕುರ್ಚಿ ಬಿಟ್ಟು ಕೆಳಗ ಬರ್ರಿ. ಮಕ್ಕಳ ಎತ್ತರದಿಂದ ನೋಡಿದ್ರ ಜಗತ್ತು ಬ್ಯಾರೆನ ಕಾಣಸ್ತದ.”

“ಈ ಎತ್ತರದಿಂದನ ಸಾಕಷ್ಟು ಬ್ಯಾರೆ ಕಾಣಸಲಿಕ್ಕತ್ತದ,” ಎಂದೆ.

ಹಳೇ ಹುಬ್ಬಳ್ಳಿಯ ಅಂಬಾಬಾಯಿ ಎಂಬ ಶಿಕ್ಷಕಿ, ನಿವೃತ್ತಿಗೆ ಬಂದವರು, ಒಂದೇ ಒಂದು ಸಲ ಜಿಗಿದು ಅಲ್ಲಿಯೇ ಕುಳಿತುಬಿಟ್ಟರು. “ಇದು ವಯಸ್ಸಾದ ಕಪ್ಪೀರಿ ಬಾಯಾರ. ಜಿಗ್ಯೂದು ಬಿಟ್ಟೈತಿ. ಕುಂತಲ್ಲೇ ವಟಗುಡತೈತಿ, ಬೇಕಾದ್ರ ಬರಕೋರ್ರಿ.”

ಇಡೀ ದಿನದಲ್ಲಿ ಕೇಳಿಬಂದ ಏಕೈಕ ವಿವೇಕದ ಮಾತು ಇದು. ಉಳಿದದ್ದೆಲ್ಲ ‘ಸರ್ವಾಂಗೀಣ ವಿಕಾಸ’. ಈ ಶಬ್ದವನ್ನು ಒಬ್ಬರೂ ವ್ಯಾಖ್ಯಾನಿಸಲಿಲ್ಲ, ಎಲ್ಲರೂ ತಲೆಯಾಡಿಸಿದರು. ಮಧ್ಯಾಹ್ನ ಮಂದಾಕಿನಿಯವರು, “ಈ ತರಬೇತಿ ಆಗಬೇಕಂತ ಧನಶ್ರೀಗೆ ಎಷ್ಟು ಆಶಾ ಇತ್ತು,” ಎಂದು ಹೇಳಿಬಿಟ್ಟರು. ನಾನು ಗಡಿಯಾರ ನೋಡಿ ಚಹಾದ ವೇಳೆಯಾಯಿತೆಂದು ಘೋಷಿಸಿದೆ. ಆಗಿರಲಿಲ್ಲ. ಆದರೂ ಚಹಾ ತರಿಸಿದೆ.

೧೮ ನವೆಂಬರ್, ಬುಧವಾರ

ಇಂದು ಭಾವನೆಗಳನ್ನು ಕಾಗದದ ಪ್ಲೇಟುಗಳಲ್ಲಿ ಹಂಚಿದರು. ಒಂದರ ಮೇಲೆ ನಗುವ ಮುಖ, ಒಂದರ ಮೇಲೆ ಅಳುವ ಮುಖ, ಸಿಟ್ಟಿನದು, ಅಂಜಿಕೆಯದು. ಪ್ರತಿಯೊಬ್ಬರೂ ಬೆಳಗಿನ ತಮ್ಮ ಮನಸ್ಥಿತಿಗೆ ತಕ್ಕ ಪ್ಲೇಟನ್ನು ಎತ್ತಿ ಹಿಡಿಯಬೇಕು. ಮನುಷ್ಯನ ಅಂತಃಕರಣವು ಮದುವೆಯ ಊಟದ ಸಾಮಾನುಗಳಲ್ಲಿ ಅಡಗಿದೆಯೆಂದು ಅರಿಯದೆ ಹಿಂದಿನವರು ವೃಥಾ ಗ್ರಂಥಗಳನ್ನು ಬರೆದರು. ನನ್ನ ಮುಂದೆಯೂ ಪ್ಲೇಟುಗಳನ್ನಿಟ್ಟರು. ಎಲ್ಲವನ್ನೂ ಮಗುಚಿ ಇಟ್ಟೆ.

“ಸರ್ ಅವರಿಗೆ ಇನ್ನೂ ಊಟಾ ಬಡಿಸಿಲ್ಲ,” ಎಂದರು ಅಂಬಾಬಾಯಿ. ಎಲ್ಲರೂ ನಕ್ಕರು.

ಆಮೇಲೆ ಶಿಕ್ಷೆಯ ವಿಷಯ ಬಂತು. ತಪ್ಪು ಮಾಡಿದ ಮಗುವನ್ನು ಮೂಲೆಯಲ್ಲಿ ಕೂಡಿಸುವುದು ಅನಾಗರಿಕವೆಂದು ಮಂದಾಕಿನಿಯವರು ಸಾರಿದರು. ಆಗ ನಮ್ಮ ಈಗಿನ ಶಿಕ್ಷಕಿ ಕಾವೇರಿ, ಉಣಕಲ್ಲಿನ ಹುಡುಗಿ, ಬಾಯಿ ತೆರೆದರೆ ಬೆವರುವವಳು, ಎದ್ದು ನಿಂತಳು. “ಬಾಯಾರ, ನಮ್ಮ ಹಿಂದಿನ ಅಕ್ಕೋರೂ ಮೂಲ್ಯಾಗ ಕೂಡಸ್ತಿದ್ರಂತ. ಆದ್ರ ಉಳದ ಹುಡುಗೂರು ಯಾರರ ಹೆಸರು ಹಿಡಿದು ಕರದ್ರ ಲಗೂನ ಎದ್ದು ಬರಬೇಕು. ಕರೀದ ಯಾವತ್ತೂ ಬಿಟ್ಟಿಲ್ಲಂತ್ರಿ. ಹುಡುಗೂರು ಈಗೂ ಅದನ್ನ ನಡಸ್ಯಾರ.” ಮಂದಾಕಿನಿಯವರು ತುಸು ಯೋಚಿಸಿ, ಆದರೂ ತಪ್ಪೇ ಎಂದು ತೀರ್ಪು ಕೊಟ್ಟರು.

ಆ ಪದ್ಧತಿಯ ಬಗ್ಗೆ ನನಗೆ ತಿಳಿದಿರಲಿಲ್ಲ.

೧೯ ನವೆಂಬರ್, ಗುರುವಾರ

ಇಂದಿನ ಪಾಠದ ಹೆಸರು ‘ಮಕ್ಕಳ ಆಟದ ಅವಲೋಕನ’. ಅರ್ಥಾತ್, ಮಕ್ಕಳು ಆಡುತ್ತಿರುವಾಗ ಇಪ್ಪತ್ತು ಜನ ಹೆಂಗಸರು ಗೋಡೆಗಾತು ನಿಂತು, ಆಡುವುದನ್ನು ಹಿಂದೆಂದೂ ಕಾಣದವರಂತೆ ನೋಡುವುದು. ನಾನೂ ನೋಡಿದೆ.

ಬೆಳಿಗ್ಗೆ ಮಕ್ಕಳು ದುಂಡಗೆ ಕುಳಿತು ಒಬ್ಬೊಬ್ಬರ ಹೆಸರನ್ನೂ ಹಾಡಿನಲ್ಲಿ ಕರೆಯುತ್ತಾರೆ. ಕಿಟಕಿಯ ಪಕ್ಕದ ಒಂದು ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ಕೂಡಲು ಹೋದ ಒಬ್ಬ ಶಿಕ್ಷಕಿಯನ್ನು ಎಬ್ಬಿಸಿ ಕಳಿಸಿದರು. ಕಾವೇರಿಯೂ ಅಲ್ಲಿ ಕೂಡುವುದಿಲ್ಲ.

ಬಳಿಕ ಬಸ್ಸಿನಾಟ. ಸುಮಲತಾ ಎಂಬವಳು ಕಂಡಕ್ಟರು. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ಯಮನಪ್ಪನ ಮಗಳು. ನಾಲ್ಕು ವರ್ಷ, ಎರಡು ಜಡೆ, ಭಾರಿ ದರ್ಪ. ಶನಿವಾರ ಅಧ್ಯಕ್ಷರ ಹಾರವನ್ನು ತಿಂದವಳು ಇವಳೇ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಅಂಗಿ ಹಿಡಿದು ಬಸ್ಸಾದರು. ಬಸ್ಸು ಹಾಲನ್ನು ಸುತ್ತಿ, ಸಾಮಾನು ಕೋಣೆಯ ಬಾಗಿಲಿಗೆ ಹೋಗಿ ಒಬ್ಬನನ್ನು ಇಳಿಸುತ್ತದೆ. ಇಳಿದವನು ಕತ್ತಲೆಯೊಳಗೆ ಹೋಗಿ ಸುಮ್ಮನೆ ಕೂಡುತ್ತಾನೆ. ಮತ್ತೊಂದು ಸುತ್ತು, ಮತ್ತೊಬ್ಬ. ಕೊನೆಗೆ ಕಂಡಕ್ಟರೊಬ್ಬಳೇ ಉಳಿದು, ಖಾಲಿ ಹಾಲಿನ ನಡುವೆ ನಿಂತು ಸೀಟಿ ಊದಿದಳು. ಆಟ ಮುಗಿಯಿತು.

ಮಂದಾಕಿನಿಯವರು ಮಂಡಿಯೂರಿ ಕೇಳಿದರು: “ವಾಪಸ್ ಬರೂ ಬಸ್ಸು ಯಾವಾಗ ಪುಟ್ಟಿ?”

“ಬೆಳಗಾಂವ ಬಸ್ ವಾಪಸ್ ಬರಂಗಿಲ್ರಿ.”

“ಹೋದವರು?”

“ಅವರೂ ಬರಂಗಿಲ್ಲ.” ಇಷ್ಟೂ ಗೊತ್ತಿಲ್ಲವೇ ಎಂಬಂತಿತ್ತು ಅವಳ ಧಾಟಿ.

ಮಂದಾಕಿನಿಯವರು ನನ್ನ ಕಡೆ ತಿರುಗಿ ನೋಡಿದರು. ಸಾರಿಗೆ ವ್ಯವಸ್ಥೆಯ ಬಗ್ಗೆ ಮಗುವಿನ ಮಾಹಿತಿ ಅಪೂರ್ಣವಾಗಿದೆ ಎಂದೆ. ಯಾರೂ ನಗಲಿಲ್ಲ.

೨೦ ನವೆಂಬರ್, ಶುಕ್ರವಾರ

ಬೆಳಿಗ್ಗೆ ಸುಮಲತಾಳ ತಾಯಿ ದುರಗವ್ವ ನಮ್ಮ ಮನೆಗೇ ಬಂದಳು. ತುಂಬಿದ ಬಸುರಿ. ಸೆರಗಿನ ತುದಿಗೆ ಮಗಳು ತನ್ನ ಕೈಯನ್ನು ತಾನೇ ಗಂಟು ಹಾಕಿಕೊಂಡಿದ್ದಳು. ನನ್ನ ಹೆಂಡತಿ ಲಕ್ಷ್ಮೀಬಾಯಿ ಕೂಡಲು ಹೇಳಿದರೂ ದುರಗವ್ವ ಕೂಡಲಿಲ್ಲ.

“ಸರ್, ನಿಮ್ಮ ಸಾಲ್ಯಾಗ ಏನ್ ಕಲಸಾಕತ್ತೀರಿ? ನಾಕು ಅಕ್ಷರ ಕಲೀಲಿ ಅಂತ ಹಾಕಿದ್ರ ನನ್ನ ಮಗಳು ಬಸ್ಸಿಗೆ ಅಂಜೂದು ಕಲತು ಬಂದಾಳ.”

ವಿಷಯವಿಷ್ಟು. ಆಕೆಯ ತವರು ಕಿತ್ತೂರಿನ ಹತ್ತಿರದ ಹಳ್ಳಿ. ಬೆಳಗಾವಿ ಬಸ್ಸನ್ನೇ ಹತ್ತಬೇಕು. ಹೆರಿಗೆಗೆ ಹೋಗಲು ಈಗಾಗಲೇ ತಡವಾಗಿದೆ. ಎರಡು ಸಲ ನಿಲ್ದಾಣಕ್ಕೆ ಹೋಗಿ ಎರಡು ಸಲವೂ ಮರಳಿ ಬಂದಿದ್ದಾರೆ. ಹುಡುಗಿ ತಾನೂ ಹತ್ತುವುದಿಲ್ಲ, ತಾಯಿಯನ್ನೂ ಹತ್ತಗೊಡುವುದಿಲ್ಲ. ಯಮನಪ್ಪ ಎತ್ತಿ ಒಳಗೆ ಹಾಕಲು ಹೋದಾಗ ಅವನ ಕೈ ಕಚ್ಚಿ ರಕ್ತ ಬರಿಸಿದ್ದಾಳೆ.

“ಇಕಿ ಹುಟ್ಟುಮುಂದ ನಾ ಇಲ್ಲೇ ಒಬ್ಬಾಕಿ ಇದ್ದೆರಿ. ಇವರು ರಾತ್ರಿ ಪಾಳಿ. ಬಾಜೂಕಿನವರು ಬಾಗಿಲಾ ಒಡೆದು ಬರೂದ್ರಾಗ ನಾ ಉಳದಿದ್ದ ಹೆಚ್ಚು. ಈ ಸಲ ನಮ್ಮವ್ವನ ಹತ್ರ ಹೋಗೂದ ನಾ. ಆದ್ರ ಇಕೀನ್ನ ಬಿಟ್ಟು ಹ್ಯಾಂಗ ಹೋಗ್ಲಿ? ನಿನ್ನಿಯಿಂದ ಊಟಾ ಬಿಟ್ಟಾಳ. ನಾ ಬಚ್ಚಲಕ್ಕ ಹೋದ್ರೂ ಬಾಗಲಾ ಬಡೀತಾಳ.”

ಮಕ್ಕಳ ಕಲ್ಪನೆ ಹೀಗೆಯೇ, ತಾನಾಗಿ ಸರಿಹೋಗುತ್ತದೆ ಎಂದೆ.

“ಕಲ್ಪನಾ ಅಲ್ರಿ! ಬೆಳಗಾಂವ ಬಸ್ ಹತ್ತಿ ಹೋಗ್ಯಾರ ಅಂತ ಹೇಳ್ರಿ ಅಂತ ನೀವ ಹೇಳಿ ಕಳಿಸಿದ್ರಿ. ನಾವೂ ದಿನಾ ಹೇಳಿದ್ವಿ. ದೊಡ್ಡವರು ಹೇಳ್ಯಾರ ಅಂತ.” ಅಷ್ಟು ಹೇಳಿ ನನ್ನ ಹೆಂಡತಿಯ ಮುಖ ನೋಡಿ ದನಿ ತಗ್ಗಿಸಿದಳು. “ತಪ್ಪ ತಿಳಕೋಬ್ಯಾಡ್ರಿ ಅವ್ವಾರ.”

ಲಕ್ಷ್ಮೀಬಾಯಿ ಹುಡುಗಿಗೆ ಬೆಲ್ಲ ಕೊಟ್ಟಳು. ಹುಡುಗಿ ಗಂಟು ಹಾಕದ ಕೈಯಿಂದ ತೆಗೆದುಕೊಂಡು, ತಿನ್ನದೆ ಹಿಡಿದುಕೊಂಡಳು.

೨೧ ನವೆಂಬರ್, ಶನಿವಾರ

ಇಂದು ವಿಜಯ.

ಮಕ್ಕಳಿಗೆ ನಿಜ ಹೇಳಲು ಅನುಮತಿ ಬೇಕೆಂದು ಮಂದಾಕಿನಿಯವರು ಕಾವೇರಿಯನ್ನು ಕರೆದುಕೊಂಡು ನನ್ನ ಬಳಿ ಬಂದರು. ಖಾಸಗಿ ಬೇಡಿಕೆಗಳಿಗೆ ನನ್ನಲ್ಲಿ ಅವಕಾಶವಿಲ್ಲ, ವಿಧಿವತ್ತಾಗಿ ಚರ್ಚೆಯಾಗಲಿ ಎಂದೆ. ವಿಷಯ: ‘ಮರಣದ ಸಂಗತಿಯನ್ನು ಎಳೆಯ ಮಕ್ಕಳಿಗೆ ತಿಳಿಸತಕ್ಕದ್ದಲ್ಲ.’ ಪರವಾಗಿ ನಾನು. ವಿರೋಧವಾಗಿ ಅವರು. ನಿರ್ಣಾಯಕರು ಶಿಕ್ಷಕಿಯರು.

ಎಷ್ಟೋ ವರ್ಷಗಳ ಮೇಲೆ ಎದ್ದು ನಿಂತೆ; ಆದರೂ ದನಿ ತಾನಾಗಿ ತನ್ನ ಹಳೆಯ ಎತ್ತರಕ್ಕೆ ಹೋಗಿ ಕುಳಿತಿತು. ಪದಾರ್ಥದ ಜ್ಞಾನವಿಲ್ಲದವನಿಗೆ ಪದವನ್ನು ಕೊಡುವುದು ಕುರುಡನ ಕೈಗೆ ಕನ್ನಡಿ ಕೊಟ್ಟಂತೆ ಎಂದೆ. ಸತ್ಯವೂ ಔಷಧವೂ ಪ್ರಮಾಣದಲ್ಲಿದ್ದರೆ ಹಿತ, ವಯಸ್ಸು ನೋಡದೆ ಕೊಟ್ಟರೆ ವಿಷ ಎಂದೆ. ಹೇಳುವುದರಿಂದ ಒಳಿತಾಗುತ್ತದೆಯೆಂದು ಸಾಧಿಸುವ ಹೊಣೆ ಎದುರುಪಕ್ಷದ್ದೇ ಹೊರತು ನನ್ನದಲ್ಲ ಎಂದೆ. ಒಂದೊಂದು ವಾಕ್ಯವೂ ತನ್ನ ಜಾಗದಲ್ಲಿ ಬಂದು ನಿಂತಿತು.

ಮಂದಾಕಿನಿಯವರಿಗೆ ಭಾಷಣಕಲೆ ಬರುವುದಿಲ್ಲ. “ನಾವು ಖಾಲಿ ಬಿಟ್ಟ ಜಾಗಾದಾಗ ಮಕ್ಕಳು ತಾವ ಒಂದು ಕಥಿ ಕಟ್ಟಿ ತುಂಬತಾರ. ಆ ಕಥಿ ಖರೇಕಿಂತ ಕೆಟ್ಟದಿರ್ತದ. ಇಷ್ಟ ನನಗ ಗೊತ್ತು,” ಎಂದರು.

“ಖರೇ ಅಂದ್ರ ಏನು ಅನ್ನೂದು ನಿಮಗ ಗೊತ್ತದೇನು?” ಎಂದು ನಾನು ಕೇಳಿದೆ. “ನಿಮ್ಮ ಮನ್ಯಾಗ ಯಾರು ಸತ್ತಾರ, ಬಾಯಾರ?”

ಅವರು ಬಣ್ಣದ ಕಾಗದಗಳನ್ನು ಮಡಚಿ ಚೀಲದೊಳಗಿಟ್ಟರು. ಅಲ್ಲಿಗೆ ಚರ್ಚೆ ಮುಗಿಯಿತು. ಮಂದಾಕಿನಿ ಮತ್ತು ಕಾವೇರಿಯ ಹೊರತು ಎಲ್ಲರೂ ನನ್ನ ಪರವಾಗಿ ಕೈಯೆತ್ತಿದರು. ಅಂಬಾಬಾಯಿ ಎರಡೂ ಕೈಯೆತ್ತಿದರು. “ಸರ್ ಏನ್ ಅಂದ್ರೋ ಒಂದೂ ತಿಳೀಲಿಲ್ಲ ಬಿಡ್ರಿ. ಆದ್ರ ಮಾತಾಡೂದು ಭಾಳ ಛಲೋ ಇತ್ತು. ರೇಡಿಯೋ ಕೇಳಿದಂಗಾತು.”

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು.

“ನಿಮ್ಮ ಮಗಳು ಇದ್ದಿದ್ರ ಯಾವ ಕಡೆ ಕೈ ಎತ್ತತಿದ್ಳು?”

ಗೈರುಹಾಜರಾದವರಿಗೆ ಮತವಿಲ್ಲ ಎಂದೆ.

ಆಕೆ ಸಿಪ್ಪೆ, ಬುಟ್ಟಿ, ಅವರೆಕಾಳು ಎಲ್ಲವನ್ನೂ ಎತ್ತಿಕೊಂಡು ಒಳಗೆ ಹೋದಳು.

೨೨ ನವೆಂಬರ್, ರವಿವಾರ

ಬರೆಯುವಂಥದ್ದು ಏನೂ ಇಲ್ಲ. ಊಟಕ್ಕೆ ಅವರೆಕಾಳಿನ ಹುಳಿ ಇತ್ತು. ಮಾತು ಇರಲಿಲ್ಲ.

೨೪ ನವೆಂಬರ್, ಮಂಗಳವಾರ

ದುರಗವ್ವನ ಕಾಲು ಬಾತಿವೆಯಂತೆ. ಇನ್ನು ಪ್ರಯಾಣ ಮುಂದೂಡಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಕಾರ್ಯದರ್ಶಿಯಾಗಿ ನಾನು ಸುಮ್ಮನಿರುವಂತಿಲ್ಲ. ಭಾವನೆಗಳ ಪ್ಲೇಟುಗಳಿಗೆ ಸಾಧ್ಯವಾಗದ್ದನ್ನು ಪ್ರತ್ಯಕ್ಷ ಪ್ರಮಾಣ ಸಾಧಿಸುತ್ತದೆಯೆಂದು ತೀರ್ಮಾನಿಸಿದೆ. ‘ಬೆಳಗಾವಿ ಬಸ್ಸು ಮರಳಿ ಬರುವುದಿಲ್ಲ’ ಎಂಬುದು ತರ್ಕದ ಭಾಷೆಯಲ್ಲಿ ಮಗುವಿನ ಪ್ರತಿಜ್ಞೆ, ಅರ್ಥಾತ್ ಪ್ರತಿಪಾದನೆ. ಮರಳಿ ಬಂದ ಒಂದೇ ಒಂದು ಬಸ್ಸನ್ನು ತೋರಿಸಿದರೆ ಪ್ರತಿಜ್ಞೆ ಬಿತ್ತು. ಇದಕ್ಕೆ ಎರಡು ವಾರಗಳ ತರಬೇತಿ ಬೇಕಿಲ್ಲ.

ಯಮನಪ್ಪ ರಾತ್ರಿ ಪಾಳಿ ಮುಗಿಸಿ, ಕೈಗೆ ಪಟ್ಟಿ ಕಟ್ಟಿಕೊಂಡೇ ಮಗಳನ್ನು ನಿಲ್ದಾಣಕ್ಕೆ ಕರೆತಂದ. ಹತ್ತುವುದಿಲ್ಲ, ನೋಡುವುದು ಮಾತ್ರ ಎಂಬ ಕರಾರಿನ ಮೇಲೆ ಹುಡುಗಿ ಬಂದಳು. ಮೂವರೂ ಬೆಂಚಿನ ಮೇಲೆ ಕುಳಿತೆವು. ಬೆಳಗಾವಿಯಿಂದ ಬಸ್ಸು ಬಂತು. ಜನ ಇಳಿದರು.

“ನೋಡು, ಹೋದ ಬಸ್ಸು ಬಂತು. ಹೋದವರೂ ಬಂದ್ರು,” ಎಂದೆ.

ಹುಡುಗಿ ಬೆಂಚಿನ ಮೇಲೆ ಎದ್ದು ನಿಂತಳು. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೊನೆಯವನು ಇಳಿದ ಮೇಲೂ ಬಾಗಿಲು ನೋಡುತ್ತಿದ್ದಳು. ಇನ್ನೊಂದು ಬಸ್ಸು ಬಂತು. ಮತ್ತೆ ಎದ್ದು ನಿಂತಳು. ಹೀಗೆ ಊಟದ ಹೊತ್ತಿನವರೆಗೆ. ಯಮನಪ್ಪ ಕುಳಿತಲ್ಲಿಯೇ ತೂಕಡಿಸಿದ. ನಾನು ಇಳಿಯುವವರನ್ನು ನೋಡುತ್ತಿದ್ದೆ. ವೀಕ್ಷಣೆಯಲ್ಲಿ ಶಿಸ್ತು ಬೇಕೆಂದು ನಾನೂ ಎಲ್ಲರ ಮುಖಗಳನ್ನು ನೋಡಿದೆ; ಹಳದಿ ಸೀರೆಯುಟ್ಟವರೊಬ್ಬರು ಇಳಿಯುವಾಗ ನಾನೂ ಎದ್ದು ನಿಂತಿದ್ದೆನೆಂದು ಕಾಣುತ್ತದೆ, ಏಕೆಂದರೆ ಹಿಂದಿನವನು, “ಕೂಡ್ರಿ ಅಜ್ಜಾರ, ಕಾಣವಲ್ದು,” ಎಂದ.

ಪ್ರಮಾಣ ಸಿದ್ಧವಾಗಿತ್ತು. “ಈಗ ತಿಳೀತೇನು?” ಎಂದು ಕೇಳಿದೆ.

“ತಿಳೀತ್ರಿ. ಎಲ್ಲಾರೂ ಬರ್ತಾರ,” ಎಂದಳು. ಆಮೇಲೆ ಬೆಂಚಿನಿಂದ ಇಳಿದು, “ಅಕ್ಕೋರು ಅಷ್ಟ ಬರವಲ್ರು. ನಾವು ಗದ್ದಲಾ ಮಾಡಿದ್ವಿ ಅಂತ ಸಿಟ್ಟಾಗ್ಯಾರೇನ್ರಿ?”

ಜೀವನದಲ್ಲಿ ಅನೇಕ ಮರುಪ್ರಶ್ನೆಗಳನ್ನು ಎದುರಿಸಿದ್ದೇನೆ. ನಾನು ಕೊಡೆ ಬಿಚ್ಚಿದೆ. ಮಳೆ ಇರಲಿಲ್ಲ, ಬಿಸಿಲೂ ಅಷ್ಟಾಗಿ ಇರಲಿಲ್ಲ.

೨೫ ನವೆಂಬರ್, ಬುಧವಾರ

ಕೇವಲ ಶಾಸ್ತ್ರೀಯ ಕುತೂಹಲದಿಂದ ಮಂದಾಕಿನಿಯವರನ್ನು ಕೇಳಿದೆ: ಹೇಳುವುದಾದರೆ ಯಾವ ಶಬ್ದಗಳಲ್ಲಿ ಹೇಳುತ್ತಾರೆ?

“‘ಸತ್ತಾರ’ ಅನಬೇಕು ಸರ್. ಮಲಗ್ಯಾರ ಅನಬಾರದು, ಅವು ಮಲಗಲಿಕ್ಕೆ ಅಂಜತಾವ. ದೇವರ ಹತ್ರ ಹೋಗ್ಯಾರ ಅಂದ್ರ ದೇವರಿಗೆ ಅಂಜತಾವ. ನಾಕು ಸಣ್ಣ ವಾಕ್ಯ ಸಾಕು. ಆಮ್ಯಾಲೆ ಅವರು ಕೇಳಿದ್ದಕ್ಕಷ್ಟ ಉತ್ತರಾ ಕೊಡಬೇಕು.” ಹೋಗುವಾಗ, “ನಮ್ಮ ತಮ್ಮ ಹೋದಾಗ ನನಗ ಐದು ವರ್ಷ. ಪುಣೆಕ್ಕ ಹೋಗ್ಯಾನ ಅಂದಿದ್ರು. ಅವತ್ತು ನೀವು ಕೇಳಿದ್ರಲ್ಲ, ಅದಕ್ಕ ಹೇಳಿದೆ,” ಎಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರಿಸಬಹುದಿತ್ತು.

ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡಿ ನೋಡಿದೆ. ನಾಲ್ಕು ಸಣ್ಣ ವಾಕ್ಯಗಳು ನನ್ನಿಂದ ಆಗುವುದಿಲ್ಲ. ಪೀಠಿಕೆಯೇ ಆರಕ್ಕೆ ಹೋಗುತ್ತದೆ. ಎರಡನೆಯ ವಾಕ್ಯದಲ್ಲಿ ‘ಆದರೂ’ ಬರುತ್ತದೆ, ಮೂರನೆಯದರಲ್ಲಿ ‘ಏನೆಂದರೆ’. ‘ಸತ್ತಾಳ’ ಎಂಬ ಶಬ್ದ ಬರುವ ಹೊತ್ತಿಗೆ ವಾಕ್ಯಕ್ಕೆ ಉಸಿರು ಉಳಿದಿರುವುದಿಲ್ಲ. ಪಾತ್ರೆ ತಿಕ್ಕುತ್ತಿದ್ದ ಲಕ್ಷ್ಮೀಬಾಯಿ ತಿಕ್ಕುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಕೊನೆಗೆ ಒಂದು ಚೊಂಬು ನೀರು ತಂದಿಟ್ಟಳು.

ಕಾವೇರಿ ಹೇಳಬಹುದು, ನಿಜ. ಆದರೆ ಸಭೆಯ ಮುಂದಿಟ್ಟ ಹೇಳಿಕೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರ ಅದನ್ನು ಮಂಡಿಸಿದವನಿಗೆ ಮಾತ್ರ. ನಡಾವಳಿಯೆಂದರೆ ನಡಾವಳಿ. ಶನಿವಾರದ ನನ್ನ ನಿಲುವಿನಲ್ಲಿ ಯಾವ ಬದಲಾವಣೆಯೂ ಇಲ್ಲ.

೨೬ ನವೆಂಬರ್, ಗುರುವಾರ

ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಮಕ್ಕಳು ದುಂಡಗೆ ಕುಳಿತಿದ್ದರು. ಕುರ್ಚಿಯಿಂದ ಹೇಳಿದರೆ ಆಜ್ಞೆಯಂತೆ ಕೇಳಿಸೀತೆಂದು ಕೆಳಗೆ ಕುಳಿತೆ, ಮೊಣಕಾಲುಗಳು ಪ್ರತಿಭಟಿಸಿದವು. ಖಾಲಿಯಿದ್ದದ್ದು ಕಿಟಕಿಯ ಪಕ್ಕದ ಜಾಗ ಒಂದೇ.

“ಅದು ಅಕ್ಕೋರ ಜಾಗಾರೀ!” ಎಂದು ಸುಮಲತಾ ಕೂಗಿದಳು. ದುರಗವ್ವ ಬಾಗಿಲಲ್ಲಿ ಕುಳಿತಿದ್ದಳು; ಸೆರಗು ಇನ್ನೂ ಮಗಳ ಕೈಯಲ್ಲಿತ್ತು.

“ಗೊತ್ತದ. ನಾನು ಅಕ್ಕೋರ ಅಪ್ಪ.”

ಇದು ಮಕ್ಕಳಿಗೆ ದೊಡ್ಡ ಸುದ್ದಿಯಾಯಿತು. “ಅಕ್ಕೋರಿಗೂ ಅಪ್ಪ ಇರ್ತಾರ?” ಎಂದು ಒಬ್ಬ ಕೇಳಿದ. ಇನ್ನೊಬ್ಬಳು, “ಇಷ್ಟ ಮುದುಕ ಅಪ್ಪ?” ಎಂದಳು. ಹೌದು ಎಂದೆ. ಎರಡಕ್ಕೂ.

ಅಭ್ಯಾಸ ಮಾಡಿದ್ದೆಲ್ಲ ಎಲ್ಲಿ ಹೋಯಿತೋ ತಿಳಿಯದು. “ಅಕ್ಕೋರು ಬೆಳಗಾವಿಗೆ ಹೋಗಿಲ್ಲ. ಅವರಿಗೆ ಭಾಳ ದೊಡ್ಡ ಜಡ್ಡು ಬಂತು. ಸತ್ತಾರ. ಇನ್ನ ಬರಂಗಿಲ್ಲ,” ಎಂದೆ. ನಾಲ್ಕೇ ವಾಕ್ಯ.

ಯಾರೂ ಅಳಲಿಲ್ಲ. ಕೇಳಲು ಶುರು ಮಾಡಿದರು. ಬಸ್ಸಿನಾಗ ಸತ್ತರೇನು? ಇಲ್ಲ, ಬಸ್ಸು ಹತ್ತೇ ಇಲ್ಲ, ದವಾಖಾನೆಯಲ್ಲಿ. ನೋವಾತೇನು? ಮೊದಲು ಆತು, ಆಮೇಲೆ ಇಲ್ಲ. ಈಗ ಹಸಿವಾಗತೈತೇನು ಅವರಿಗೆ? ಇಲ್ಲ. ನಮಗ ನೆಗಡಿ ಬಂದ್ರ ನಾವೂ ಸಾಯತೀವೇನು? ಇಲ್ಲ. ಮುಂಬೈಯ ಯಾವ ಎದುರಾಳಿಯೂ ನನ್ನನ್ನು ಹೀಗೆ ಅಟ್ಟಿಸಿಕೊಂಡು ಬಂದಿರಲಿಲ್ಲ.

ಸುಮಲತಾ ಕೊನೆಗೆ ಕೇಳಿದಳು: “ನಾವು ಗದ್ದಲಾ ಮಾಡಿದ್ದಕ್ಕಲ್ಲ?”

“ಅಲ್ಲ. ನಿಮ್ಮ ಗದ್ದಲಾ ಧನಶ್ರೀಗೆ ಸೇರತಿತ್ತು. ಮನಿಗೆ ಬಂದು ಅದನ್ನ ಮಾಡಿ ತೋರಸ್ತಿದ್ಳು. ನಾನ ಸುಮ್ಮನ ಕೂಡು ಅಂತಿದ್ದೆ.”

“ನಮ್ಮವ್ವ ಬಸ್ ಹತ್ತಿದ್ರ?”

“ಬಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮವ್ವ ಕೂಸಿನ್ನ ಹಡಿಲಿಕ್ಕೆ ನಿಮ್ಮ ಅಜ್ಜಿ ಮನಿಗೆ ಹೊಂಟಾಳ. ನೀನೂ ಜೋಡಿ ಹೊಂಟೀದಿ. ಬಸ್ಸು ಬರೂದನ್ನ ನೀನ ನೋಡೀದಿ.”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ: “ಹಂಗಾರ ನೀವು ಸುಳ್ಳ ಹೇಳಿದ್ರಿ?”

ಮೂವತ್ತು ಉತ್ತರಗಳಿದ್ದವು. “ಹೌದು,” ಎಂದೆ.

“ಸುಳ್ಳ ಹೇಳಿದ್ರ ಮೂಲ್ಯಾಗ ಕೂಡಬೇಕ್ರಿ.”

ಎದ್ದು ಹೋಗಿ ಕುಳಿತೆ. ಅಷ್ಟರಲ್ಲಿ ಮಂದಾಕಿನಿಯವರು ಶಿಕ್ಷಕಿಯರ ಸಮೇತ ಒಳಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಕುಳಿತ ಕಾರ್ಯದರ್ಶಿಯನ್ನು ಕಂಡರು. “ಇದೇನಿದು! ಮೂಲ್ಯಾಗ ಕೂಡಸಬಾರದು ಅಂತ ಹೇಳಿದ್ದೆನಲ್ಲಾ ಕಾವೇರಿ?”

“ಇದು ಧನಶ್ರೀ ಹಾಕಿಕೊಟ್ಟ ಪದ್ಧತಿ. ನಿಮ್ಮ ತರಬೇತಿ ಇದಕ್ಕ ಅನ್ವಯಿಸಂಗಿಲ್ಲ,” ಎಂದು ನಾನು ಗೋಡೆಗೇ ಹೇಳಿದೆ.

“ಕಪ್ಪಿ ಕಡೀಕೂ ಕೆಳಗ ಇಳೀತಲ್ಲ!” ಎಂದರು ಅಂಬಾಬಾಯಿ.

ಮೂಲೆಯ ಗೋಡೆಯ ಮೇಲೆ ಮಕ್ಕಳ ಎತ್ತರದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಣ್ಣ ಮೀನು ಇತ್ತು. ಧನಶ್ರೀಯ ಕೈ ಅದು. ಮೀನಿಗೆ ರೆಪ್ಪೆ ಬರೆಯುವವಳು ಅವಳೊಬ್ಬಳೇ. ಮೂಲೆಗೆ ಕಳಿಸಿದವರಿಗೆ ನೋಡಲು ಏನಾದರೂ ಇರಲಿ ಎಂದು ಬರೆದಿರಬೇಕು. ಕುರ್ಚಿಯಿಂದ ಇದು ಕಾಣುತ್ತಿರಲಿಲ್ಲ.

ಹಿಂದೆ ಪಿಸುಮಾತು ನಡೆದಿತ್ತು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಸುಮಲತಾಳ ದನಿ ಬಂತು: “ಅಕ್ಕೋರ ಅಪ್ಪಾ, ಬರ್ರಿ.”

ಎದ್ದು ಹೋದೆ. ಲಗೂನೆ ಎದ್ದು ಬರಬೇಕೆಂಬುದು ನಿಯಮ. ಮೊಣಕಾಲುಗಳ ದೆಸೆಯಿಂದ ಸ್ವಲ್ಪ ತಡವಾಯಿತು.

೨೮ ನವೆಂಬರ್, ಶನಿವಾರ

ಸಮಾರೋಪದ ಮೊದಲು ಸಮಯವಿತ್ತೆಂದು ನಿಲ್ದಾಣಕ್ಕೆ ಹೋದೆ. ಯಮನಪ್ಪ ಗಂಟು ಹತ್ತಿಸಿದ. ಸುಮಲತಾ ಮೆಟ್ಟಿಲ ಬಳಿ ನಿಂತು, ತಾಯಿಯ ಸೆರಗು ಬಿಡದೆ, ಕಂಡಕ್ಟರನನ್ನು ಕೇಳಿದಳು: “ಇದು ವಾಪಸ್ ಬರೂದ ಹೌದಲ್ರಿ?” ಅವನು, “ಬರದ ಏನ್ ಮಾಡತೈತವ್ವಾ, ನಮ್ಮ ಮನಿ ಇಲ್ಲೇ ಐತಿ,” ಎಂದ. ಹತ್ತಿದಳು. ಕಿಟಕಿಯಿಂದ ನನಗೆ ಆಜ್ಞೆಯಾಯಿತು: “ನಾ ಬರೂತನಕ ಅಕ್ಕೋರ ಜಾಗಾದಾಗ ನೀವ ಕೂಡ್ರಿ. ಬ್ಯಾರೇದವರಿಗೆ ಕೊಡಬ್ಯಾಡ್ರಿ.”

ಸಮಾರೋಪದಲ್ಲಿ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ನನಗೂ ಒಂದು. ತ್ರ್ಯಂಬಕರಾವ ಎಂಬುವರು ‘ಮಗುವಿನ ಮನಃಸ್ವಾಸ್ಥ್ಯ’ದಲ್ಲಿ ಸಕ್ರಿಯವಾಗಿ ಪಾಲ್ಗೊಂಡಿದ್ದಾರಂತೆ. ಹಾಸ್ಯಾಸ್ಪದ. ಲಕ್ಷ್ಮೀಬಾಯಿ ಅದನ್ನು ಬೆಳ್ಳಿಯ ಢಾಲಿನ ಮುಂದೆ ಒರಗಿಸಿಟ್ಟಿದ್ದಾಳೆ, ಢಾಲು ಕಾಣುವುದಿಲ್ಲ.

೯ ಡಿಸೆಂಬರ್, ಬುಧವಾರ

ನಿಲ್ದಾಣದ ಕಡೆ ಕೆಲಸವಿತ್ತು. ಬೆಳಗಾವಿ ಬಸ್ಸು ಬಂತು.

೧೫ ಡಿಸೆಂಬರ್, ಮಂಗಳವಾರ

ದುರಗವ್ವ ಗಂಡು ಹಡೆದಿದ್ದಾಳೆ, ಇಬ್ಬರೂ ಕ್ಷೇಮ. ಯಮನಪ್ಪ ಸಕ್ಕರೆ ತಂದುಕೊಟ್ಟು ಹೋದ. ಸುದ್ದಿ ತಂದ ಬಸ್ಸನ್ನು ನಾನು ನೋಡಿದ್ದೆ.

ಸಂಜೆ ಹೊರಟಾಗ ಲಕ್ಷ್ಮೀಬಾಯಿ ಕೇಳಿದಳು: “ಇವತ್ತ ಯಾವ ಬಸ್ಸ್ರಿ?” ವಾಯುವಿಹಾರಕ್ಕೆ ಎಂದೆ. “ಹಂಗಾರ ನಾನೂ ಬರ್ತೇನಿ,” ಎಂದು ಚಪ್ಪಲಿ ಹಾಕಿಕೊಂಡಳು. ಇಬ್ಬರೂ ಬೆಂಚಿನ ಮೇಲೆ ಕುಳಿತು ಶೇಂಗಾ ತಿಂದೆವು.

೬ ಮಾರ್ಚ್ ೧೯೯೯, ಶನಿವಾರ

ಬೆಳಿಗ್ಗೆಯ ಬೆಳಗಾವಿ ಬಸ್ಸು. ಮೊದಲು ದುರಗವ್ವ, ಸೆರಗಿನೊಳಗೆ ಕೂಸು, ಕೊನೆಗೆ ಒಂದು ಗಂಟನ್ನು ಎಳೆಯುತ್ತ ಸುಮಲತಾ. ಸೆರಗು ಹಿಡಿದಿರಲಿಲ್ಲ. ಬೆಂಚಿನ ಮೇಲೆ ನನ್ನನ್ನು ಕಂಡು ಅಲ್ಲಿಯೇ ನಿಂತಳು.

“ಅಕ್ಕೋರ ಅಪ್ಪಾ, ಅವತ್ತಿಂದ ಇಲ್ಲೇ ಕುಂತೀರೇನ್ರಿ?”

ಮೂಲೆಯ ಅನುಭವವಿದ್ದುದರಿಂದ ಎಚ್ಚರದಿಂದ ಉತ್ತರಿಸಿದೆ: “ನಡುನಡುವೆ ಊಟಕ್ಕ ಮನಿಗೆ ಹೋಗಿದ್ದೆ.”

“ಅಕ್ಕೋರು ಬರಂಗಿಲ್ಲ ಅಂತ ನಿಮಗ ಗೊತ್ತಿತ್ತಲ್ರಿ.”

“ಗೊತ್ತಿತ್ತು.”

“ಮತ್ತ?”

“ನೀ ಬರೂದಿತ್ತಲ್ಲ.”

ಈ ಉತ್ತರವನ್ನು ಒಪ್ಪಿದಳು. ಗಂಟನ್ನು ನನ್ನ ಕೈಗೆ ಕೊಟ್ಟು, ತಿರುಗಿ ನೋಡದೆ ಮುಂದೆ ನಡೆದಳು. ಧನಶ್ರೀಯೂ ಹೀಗೆಯೇ, ಯಾವ ಊರಿನಿಂದ ಬಂದಿಳಿದರೂ ಮೊದಲು ಚೀಲವನ್ನು ನನ್ನ ಕೈಗೆ ಕೊಡುತ್ತಿದ್ದಳು, ಆಮೇಲೆ ಮಾತು.